ನಡುವೆ ಒಂದು ಟವೆಲ್

ಜಯಲಕ್ಷ್ಮೀಪುರದ ಹಳೇ ಬಂಗಲೆ ಈಗ ಹೋಟೆಲು.
ಕೋಣೆಗಳಿಗೆ ನಂಬರಿಲ್ಲ, ರಾಗದ ಹೆಸರು:
ಕಲ್ಯಾಣಿಗೆ ಎರಡು ದಿಂಬು ಸಾಲದಂತೆ,
ತೋಡಿಯಲ್ಲಿ ಗೀಸರು ಕೆಟ್ಟಿದೆ.

ಮೊಗಸಾಲೆಯ ಗೋಡೆಗೆ ನಮ್ಮ ತಾತನ ತೊಗಲುಗೊಂಬೆ.
ಮುಂದೆ ಗಾಜು, ಬೆನ್ನಿಗೆ ಬಲ್ಬು.
ಹರಳೆಣ್ಣೆ ದೀಪವಲ್ಲ,
ಅದಕ್ಕೇ ಯಾರೂ ಅಲುಗುವುದಿಲ್ಲ.
ಕೆಳಗೆ ಹಿತ್ತಾಳೆ ಫಲಕ: ಮೇಕೆ ಚರ್ಮ, ನಾಗಮಂಗಲ ಸೀಮೆ,
ಕಲಾವಿದ ತಿಳಿದಿಲ್ಲ.
ದಿನಾ ಬ್ರಾಸೊ ಹಾಕಿ ಅದನ್ನು ಉಜ್ಜುವವಳು ನಾನು,
ಸಣ್ಣಹೊಂಬಯ್ಯನ ಮೊಮ್ಮಗಳು.

ರಾಮನನ್ನೂ ರಾವಣನನ್ನೂ
ಎದುರುಬದುರು ನಿಲ್ಲಿಸಿದ್ದಾರೆ.
ತಾತ ಪೆಟ್ಟಿಗೆಯಲ್ಲಿ ಹಾಗೆ ಇಡುತ್ತಿರಲಿಲ್ಲ.
‘ರಾತ್ರಿಯೆಲ್ಲ ಕಿತ್ತಾಡ್ತವೆ ಕಣವ್ವ,
ಬೆಳಿಗ್ಗೆ ಹೊಲಿಯೋನು ನಾನು’ ಅನ್ನುತ್ತಿದ್ದ,
ನಡುವೆ ತನ್ನ ಪಂಚೆ ಹಾಸುತ್ತಿದ್ದ.

ನೈಟ್ ಡ್ಯೂಟಿ.
ಹೊರಗೆ ಮಲ್ಲಿಗೆ ಹಂಬು, ಒಳಗೆ ಅದರದೇ ಸ್ಪ್ರೇ.
ಕೊನೇ ಅತಿಥಿ ಮೆಟ್ಟಿಲು ಹತ್ತಿದ ಮೇಲೆ
ಟ್ರಾಲಿಯಿಂದೊಂದು ಬಿಳಿ ಟವೆಲ್ ತೆಗೆದು
ಎರಡು ಗಾಜಿನ ನಡುವಿನ ಬೀಟೆ ಕುರ್ಚಿಗೆ ಹರವುತ್ತೇನೆ.

ಒಂದು ದಿನ ಎತ್ತಿಡಲು ಮರೆತೆ.
ಬೆಳಗಿನ ಪಾಳಿಗೆ ಬಂದ ಪೊನ್ನಪ್ಪನವರು ಕೇಳಿದರು,
‘ಇದ್ಯಾಕಮ್ಮ ಇಲ್ಲಿ?’
‘ಒಣಗಲಿ ಅಂತ ಸಾರ್.’

ಹತ್ತು ಬಾಯಿದ್ದವನು
ಒಂದನ್ನೂ ಬಿಡಲಿಲ್ಲ.