ಒತ್ತಕ್ಷರದ ಪಾಠ ಇನ್ನೂ ಬಂದಿಲ್ಲ

ಎಂ.ಎಡ್. ಶುರುವಾದ ದಿನವೇ ಹಾಲಮ್ಮ ಮೇಡಂ
ಒಂದೊಂದು ಹಾಳೆ ಹಂಚಿದರು.
ಯಾವ ದೇಶದ್ದೂ ಅಲ್ಲದ ಲಿಪಿ, ರಾತ್ರಿ ಕೂತು ಅವರೇ ಕಟ್ಟಿದ್ದು:
ಕೊಕ್ಕೆ, ಚುಕ್ಕೆ, ಮಗುಚಿದ ಬಾಣಲೆ,
ಬಾಲ ತಿರುಚಿದ ಹಲ್ಲಿಯಂಥದೊಂದು.
"ಓದ್ರಿ," ಅಂದರು. "ಜೋರಾಗಿ. ಒಬ್ಬೊಬ್ಬರೇ."

ಬಿ.ಎಡ್.ನಲ್ಲಿ ರ‍್ಯಾಂಕ್ ಬಂದವಳು ನಾನು,
ಜಗಳೂರಿನಲ್ಲಿ ಶಾಲು ಹೊದಿಸಿದ್ದರು.
ಮೂರನೇ ಗುರುತಿನ ಹತ್ತಿರ ಬೆರಳು ನಿಂತಿತು.
ಕಿವಿ ಬಿಸಿಯಾಯಿತು.
ಪಕ್ಕದ ಚನ್ನೇಶನ ಹಾಳೆಗೆ ಕಣ್ಣು ತಾನಾಗಿ
ಕಳ್ಳತನಕ್ಕೆ ಹೋಯಿತು. ಅವನದೂ ಖಾಲಿ ಮುಖ.
ನೀರು ಕುಡಿದು ಬರ್ತೀನಿ ಮೇಡಂ, ಅಂದೆ.
ಅವರು ನಗಲಿಲ್ಲ.
"ಈಗ ನಿಮಗೆಲ್ಲ ಆರು ವರ್ಷ. ಮರೀಬ್ಯಾಡ್ರಿ."

ಮರೆತೆ. ಮರೆಯಲು ಎರಡು ಸೆಮಿಸ್ಟರ್ ಸಾಕಾಯಿತು.
ಧ್ವನಿಯ ಅರಿವು, ಸಂಕೇತ ಬಿಡಿಸುವಿಕೆ, ನಿರರ್ಗಳತೆ,
ನೋಟ್ಸಿನ ತುಂಬ ದಪ್ಪ ದಪ್ಪ ಪದ,
ಕೆಂಪು ಅಡಿಗೆರೆ.

ಆಮೇಲೆ ದಾವಣಗೆರೆಯ ಆ ತುದಿ,
ಮಂಡಕ್ಕಿ ಭಟ್ಟಿಗಳ ನಡುವೆ ಶಾಲೆ.
ಕಿಟಕಿ ಸರಳಿಗೆ ಬೆರಳಿಟ್ಟರೆ ಮಸಿ,
ಬಳಪದ ಡಬ್ಬಿಯಲ್ಲೂ ಮಸಿ.
ಹಾಜರಿ ಪುಸ್ತಕದ ಮೇಲೆ ಉಫ್ ಎಂದು ಊದಿದರೆ
ಹೆಸರುಗಳು ಒಂದೊಂದೇ ಹೊರಬರುತ್ತವೆ.

ನನ್ನ ಪಾಲಿಗೆ ಬಂದದ್ದು ತಸ್ಮಿಯಾ.
ಒಂದು ಮಗು, ಹದಿನಾರು ವಾರ, ಒಂದು ದಾಖಲೆ ಪುಸ್ತಕ:
ಸರಿಗೊಂದು ಗುರುತು, ತಪ್ಪಿಗೊಂದು ಗುರುತು.
ಮುಂದಿನ ಎರಡು ಹಲ್ಲು ಬಿದ್ದಿವೆ,
'ಸ' ಅನ್ನಲು ಹೋದರೆ ಬರೀ ಗಾಳಿ.

ಮನೆಯ ಚಿತ್ರ ತೋರಿಸಿದೆ. "ಘರ್," ಅಂದಳು.
ತಪ್ಪು.
ಮೀನು ತೋರಿಸಿದೆ. "ಮಛ್ಲಿ."
ತಪ್ಪು.
ಬುಟ್ಟಿ ತುಂಬ ಮಂಡಕ್ಕಿ, ನಾನೇ ಬಣ್ಣ ಹಚ್ಚಿದ್ದು.
ಬಹಳ ಹೊತ್ತು ನೋಡಿದಳು. ಮೂಗು ಹತ್ತಿರ ತಂದು ನೋಡಿದಳು.
"ಟೀಚರ್, ಇದು ಇನ್ನಾ ಅರಳಿಲ್ಲ.
ಅಬ್ಬಾ ಇದನ್ನ ವಾಪಸ್ ಬಾಣಲಿಗೆ ಹಾಕ್ತಾರೆ."
ಇದನ್ನು ಯಾವ ಕಾಲಮ್ಮಿಗೆ ಬರೆಯುವುದು?

ಪುಸ್ತಕದಲ್ಲಿ 'ಭರತ'.
ಬೆರಳು 'ಭ'ದ ಕೆಳಗೆ ನಿಂತಿತು, ಅಲ್ಲೇ ನಿಂತಿತು.
ಮಹಾಪ್ರಾಣ ಗುರುತಿಸುವುದಿಲ್ಲ, ಎಂದು ಬರೆದೆ.

ರಾತ್ರಿ ಹಾಸ್ಟೆಲ್ಲಿನಲ್ಲಿ ಮೊಬೈಲಿನ ದನಿಮುದ್ರಣ ಕೇಳಿದೆ.
ಅವಳು ಉಸಿರು ತೆಗೆದುಕೊಳ್ಳುವ ಸದ್ದು.
ಅದರ ಮೇಲೆ ಬಿದ್ದ ನನ್ನ ದನಿ: "ಹೇಳು, ಹೇಳು, ಬ, ಬರತ."
ಬರತ!
ನನ್ನ ಬಾಯಲ್ಲಿ ಭಾರತವೂ ಬಾರತವೇ,
ನಮ್ಮ ಕಡೆ ಅಷ್ಟು ಉಸಿರು ಯಾರೂ ಖರ್ಚು ಮಾಡುವುದಿಲ್ಲ.
ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆ: "ಘರ್."
ಎದೆಯಿಂದ ಎದ್ದು ಬಂದ 'ಘ',
ನಮ್ಮ ಇಡೀ ತರಗತಿಯಲ್ಲಿ ಯಾರಿಗೂ ದಕ್ಕದ್ದು.
ಅದಕ್ಕೆ ನಾನು ಕೊಟ್ಟದ್ದು ತಪ್ಪು.

ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಜೊತೆ ನಡೆದೆ.
ಸುಣ್ಣದ ಗೋಡೆಯ ಮೇಲೆ ಕರಿ ಬಣ್ಣದ ದೊಡ್ಡಕ್ಷರ.
ನಾನು ಕೇಳಲಿಲ್ಲ. ಅವಳೇ ಓದಿದಳು:
"ಭಟ್ಟಿ."
ತುಂಬಿದ ಉಸಿರಿನ 'ಭ'. ಆಮೇಲೆ ಬಗ್ಗಿ
"ನೋಡ್ರಿ, ಟ ಕೆಳಗ ಅದರ ಮರಿ ಮಲಗೈತಿ."
ನನ್ನ ಪಾಠಯೋಜನೆಯ ಪ್ರಕಾರ
ಒತ್ತಕ್ಷರ ಫೆಬ್ರವರಿ ಎರಡನೇ ವಾರ.

ಭಟ್ಟಿಯ ಬಾಗಿಲಲ್ಲಿ ಅವಳಮ್ಮ ಕೈ ತುಂಬ ಬಿಸಿ ಮಂಡಕ್ಕಿ ಕೊಟ್ಟರು.
ಹಿಡಿಯಲು ಕೈ ಬೇಕಿತ್ತು,
ದಾಖಲೆ ಪುಸ್ತಕವನ್ನು ತಸ್ಮಿಯಾಗೆ ಕೊಟ್ಟೆ.
ಮೂಟೆಯ ಮೇಲೆ ಕೂತು ತೆರೆದಳು.
ತನ್ನ ಹೆಸರು ಸಿಕ್ಕಿತು, ಬೆರಳಿಟ್ಟಳು.
ಬೆರಳು ಕೆಳಗಿಳಿಯಿತು, ಸಾಲು ಸಾಲು ಕೆಂಪು ಗುಣಾಕಾರ.
"ಇದು ಯಾವ ಅಕ್ಷರ ಟೀಚರ್?
ಭಾಳ ಬರದೀರಿ.
ಹೆಂಗ್ ಓದೋದು ಇದನ್ನ?"

ಬಾಯಿ ತುಂಬ ಮಂಡಕ್ಕಿ ಇತ್ತು, ಅದೊಂದು ನೆಪ.
ಕಿವಿ ಬಿಸಿಯಾಯಿತು.
ಒಳಗೆ ಯಾರೋ ಮರಳು ಜರಡಿ ಹಿಡಿಯುತ್ತಿದ್ದರು.