ಬಿಸಿಲಿಗಿಟ್ಟ ಬಾಟಲಿ

ಕಲಾಸಿಪಾಳ್ಯದ ಬಸ್ಸುಗಳ ಕೂಗು
ಮೂರನೇ ಮಹಡಿಗೂ ಏರಿ ಬರುವ ವಾರ್ಡು.
ಹದಿನೇಳನೇ ಮಂಚ. ತಬಸ್ಸುಮ್, ಇಪ್ಪತ್ತಾರು,
ಗೋರಿಪಾಳ್ಯದಲ್ಲಿ ಊದುಬತ್ತಿ ಹೊಸೆಯುವ ಕೈ,
ಅಂಗೈಗೆರೆಗಳಲ್ಲಿ ಇನ್ನೂ ಕರಿ ಪುಡಿ.

ಹೊಟ್ಟೆ ಹಿಡಿದು ಮಡಚಿಕೊಂಡಿದ್ದಳು
ಅರ್ಧ ಓದಿ ಮುಚ್ಚಿದ ಕಾಗದದಂತೆ.
ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗೆ;
ಆ ನೋವಿಗೂ ಆ ಹೊಟ್ಟೆಗೂ ತಾಳೆಯೇ ಇಲ್ಲ.
ಅಪೆಂಡಿಕ್ಸ್ ಎಂದು ಒಬ್ಬರು ತೆಗೆದಿದ್ದರು,
ಅಲ್ಲವೆಂದು ಇನ್ನೊಬ್ಬರು ಮತ್ತೆ ತೆರೆದು ನೋಡಿದ್ದರು.
ಗಾಯದ ಗೆರೆ ಎರಡು. ತಾಯತ ಮೂರು.
ಅತ್ತೆ 'ನಾಟಕ' ಅಂದಿದ್ದಳು.
ನಾನು ಅದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದೆ
ಸಹಿ ಹಾಕಿ, ಸೀಲು ಒತ್ತಿ.

ರಾತ್ರಿ ಫಿಟ್ಸ್ ಬಂತು.
ಎಲ್ಲರಿಗೂ ಕೊಡುವುದನ್ನೇ ಕೊಟ್ಟೆ,
ಫಿನೊಬಾರ್ಬಿಟೋನ್, ಮೆಲ್ಲಗೆ.
ಬೆಳಗ್ಗೆ ಅವಳ ಕೈ ಮೇಲೇಳಲಿಲ್ಲ.

ವಾರ್ಡು ಒರೆಸುವ ಪೆಂಚಲಮ್ಮ
ಬಕೆಟ್ಟು ಇಳಿಸಿ ನನ್ನ ಮೇಜಿನ ಮುಂದೆ ನಿಂತಳು:
"ಸಾರ್, ಹದಿನೇಳರಮ್ಮಂದು ಬೆಳಿಗ್ಗೆ ಚೆನ್ನಾಗೇ ಇರ್ತದೆ.
ಬಾಟ್ಲಿ ಕಿಟಕೀಲಿ ಮರೆತ್ಬಿಟ್ಟೆ ನೋಡಿ,
ಮಧ್ಯಾಹ್ನಕ್ಕೆ ನೇರಳೆ ಹಣ್ಣಿನ್ ಬಣ್ಣ."

ಜೂನ್ ತಿಂಗಳು. ಗೇಟಿನಾಚೆ ತಳ್ಳುಗಾಡಿ ತುಂಬ ನೇರಳೆ,
ಉಪ್ಪಿನ ಪೊಟ್ಟಣ, ಮೆಟ್ಟಿಲ ಮೇಲೆಲ್ಲ ಉಗುಳಿದ ಬೀಜ.
"ಹಣ್ಣು ತಿಂದಿರ್ತಾಳೆ ಹೋಗಮ್ಮ" ಅಂದೆ
ತಲೆ ಎತ್ತದೆ.

ಅವಳು ಹೋಗಲಿಲ್ಲ.
"ಆರು ದಿನದಿಂದ ಬಾಯಿಗೆ ನೀರೂ ಬಿಟ್ಟಿಲ್ಲ ನೀವು.
ಅದಕ್ ಮುಂಚೆ ರೋಜಾ.
ನೇರಳೆ ಎಲ್ಲಿಂದ ತಿಂತಾಳೆ ಸಾರ್?"

ಪೆನ್ನು ನಿಂತಿತು.
ಎಂದೋ ಪರೀಕ್ಷೆಗೆ ಬಾರದೆಂದು ದಾಟಿದ್ದ
ಸಣ್ಣಕ್ಷರದ ಅರ್ಧ ಪುಟ
ಎದ್ದು ಕುಳಿತಿತು.

ಎರಡು ಬಾಟಲಿ.
ಒಂದಕ್ಕೆ ಎಕ್ಸ್‌ರೇ ಫಿಲಮ್ಮಿನ ಕರಿ ಕಾಗದ ಸುತ್ತಿ ಬೀರುವಿನೊಳಗೆ.
ಇನ್ನೊಂದನ್ನು ಹಿಡಿದು ತಾರಸಿಗೆ ಹೋದೆವು.
ನೀರಿನ ಟ್ಯಾಂಕಿನ ಪಕ್ಕ, ಒಣಹಾಕಿದ ಹಸಿರು ಗೌನುಗಳ ನಡುವೆ
ಕಾದೆವು, ನಾನೂ ಪೆಂಚಲಮ್ಮನೂ.
ಬೆಂಗಳೂರಿನ ಜೂನ್ ಬಿಸಿಲನ್ನು ನಂಬುವಂತಿಲ್ಲ;
ಮೋಡ ಬಂದಾಗಲೆಲ್ಲ ಅವಳು ತೆಲುಗಿನಲ್ಲಿ ಬೈದಳು.
ಎರಡು ಗಂಟೆಗೆ ಜೇನು ಚಹಾ ಆಯಿತು.
ಮೂರೂವರೆಗೆ
ಗಾಜಿನೊಳಗೆ ನೇರಳೆ.
ಬೀರುವಿನೊಳಗಿನದು ಇದ್ದ ಹಾಗೇ ಇತ್ತು.

ಪೋರ್ಫಿರಿಯಾ.
ರಕ್ತದ ಕೆಂಪು ಕಟ್ಟುವ ಕೆಲಸದಲ್ಲಿ
ಒಬ್ಬ ಮೇಸ್ತ್ರಿ ಕಡಿಮೆ;
ಇಟ್ಟಿಗೆ ಮಾತ್ರ ಬಂದು ಬೀಳುತ್ತಲೇ ಇರುತ್ತದೆ, ನರಗಳ ಮೇಲೆ.
ಹಸಿವು ಅದನ್ನು ಕೆಣಕುತ್ತದೆ.
ಇನ್ನೂ ಹೆಚ್ಚು ಕೆಣಕುವುದು
ರಾತ್ರಿ ನಾನೇ ಕೊಟ್ಟ ಮದ್ದು.
ಪ್ರೊಫೆಸರರಿಗೆ ಹೇಳುವಾಗ ನನ್ನ ದನಿ ನನಗೇ ಕೇಳಲಿಲ್ಲ.
"ಮೊದಲು ನಿಲ್ಲಿಸು" ಎಂದರು. ಅಷ್ಟೇ.

ನಿಲ್ಲಿಸಿದೆ. ಸಕ್ಕರೆ ನೀರು ಏರಿಸಿದೆ, ಹಗಲೂ ರಾತ್ರಿ.
ಮಸೀದಿಯ ಡಬ್ಬಿ, ಹಾಸ್ಟೆಲಿನ ಚಂದಾ ಎಲ್ಲ ಸೇರಿ
ಮುಂಬೈಯಿಂದ ಐಸಿನ ಪೆಟ್ಟಿಗೆಯಲ್ಲಿ ಬಂತು
ಕಷಾಯದಷ್ಟು ಕಪ್ಪಗಿನ ನಾಲ್ಕು ದಿನದ ಔಷಧಿ.
ಐದನೇ ದಿನ ನೋವು ಬಿಟ್ಟಿತು.
ಕೈ ಇನ್ನೂ ಹಟ ಹಿಡಿದಿದೆ.
ಹೊದಿಕೆಯ ಅಂಚನ್ನು ಬತ್ತಿಯಂತೆ ಹೊಸೆದು ಹೊಸೆದು
ಬೆರಳಿಗೆ ಮತ್ತೆ ಕಸುಬು ಕಲಿಸುತ್ತಾಳೆ.

ಮೊನ್ನೆ ಫೈಲಿನ ಮೊದಲ ಪುಟ ತೆರೆದೆ.
ನನ್ನದೇ ಕೈಬರಹ:
ತಾಯಿ ಹೊಟ್ಟೆನೋವಿನಿಂದ ತೀರಿದ್ದಾರೆ.
ಮುಂದಿನ ಸಾಲು: ಗಮನಾರ್ಹವೇನಿಲ್ಲ.

ತಂಗಿಗೆ ಹದಿನಾರು, ಸದ್ಯ ನೋವಿಲ್ಲ.
ರಕ್ತ ಕಳಿಸಿದ್ದೇವೆ. ವರದಿ ಬಂದಿಲ್ಲ.

ಗೇಟಿನಾಚೆ ನೇರಳೆ ಮುಗಿದು ಸೀತಾಫಲ ಬಂದಿದೆ.
ಪೆಂಚಲಮ್ಮ ಈಗ ಯಾರ ಬಾಟಲಿಯನ್ನೂ ತಕ್ಷಣ ತೊಳೆಯುವುದಿಲ್ಲ.
ಓದು ಬಾರದು, ಮಂಚದ ನಂಬರು ಬಲ್ಲಳು;
ಚೀಟಿ ಅಂಟಿಸಿ ಕಿಟಕಿಗೆ ಸಾಲಾಗಿ ಜೋಡಿಸುತ್ತಾಳೆ.
ಸಿಸ್ಟರ್ ಗ್ರೇಸಮ್ಮ ವಾಸನೆಯೆಂದು ರೇಗುತ್ತಾರೆ.
ಸಂಜೆಯವರೆಗೆ ಇರಲಿ ಬಿಡಿ, ಅನ್ನುತ್ತೇನೆ.
ಹಳದಿ, ಹಳದಿ, ತಿಳಿ ಹಳದಿ.
ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ
ನಾನು ಮನೆಯ ಬಸ್ಸು ಹಿಡಿಯುವುದು.