ಚುಕ್ಕಿ ಲೆಕ್ಕ

ದೀಪ ಹಾಯಿಸಿದರೆ ಕಾಣುವುದು ಕಣ್ಣು ಮಾತ್ರ,
ಎಂದ ಮಾಮತ್‌ಕೆರಿಂ, ಜೀಪಿನ ಬಿಸಿ ಬಾನೆಟ್ಟಿಗೆ ಬೆನ್ನು ಕೊಟ್ಟು.
ಹಸಿರು ಚುಕ್ಕಿ ಎರಡು.
ಅರ್ಖಾರ್ ಟಗರೋ, ಗಬ್ಬದ ಕುರಿಯೋ,
ಕೊಂಬಿನ ಸುರುಳಿ ಎಣಿಸಲು ಕತ್ತಲು ಬಿಡದು.
ಅದಕ್ಕೇ ಕಾನೂನು.

ಮುರ್ಗಾಬಿನ ಚಳಿಗೆ ಕೋವಿಯ ಎಣ್ಣೆ ಹೆಪ್ಪುಗಟ್ಟುತ್ತದೆ,
ಒರೆಸಿ ಒಣಗಿಸಿಡಬೇಕು. ಗಾಳಿ ಎದುರಿಗಿರಬೇಕು.
ಕೆಮ್ಮು ಬಂದರೆ ಟೊಪ್ಪಿ ಕಚ್ಚು.

ಇಷ್ಟೆಲ್ಲ ಬಲ್ಲವನು ಈಗ ಕಾವಲುಗಾರ.

ಹಿಟ್ಟಿನ ಲಾರಿ ಬಾರದ ಆ ಚಳಿಗಾಲ
ಒಂದೇ ಗುಂಡು. ಎರಡು ಚುಕ್ಕಿ ಆರಿದವು.
ಅಂಗಳಕ್ಕೆ ತಂದು ಹೊಟ್ಟೆ ಸೀಳಿದಾಗ
ಲೆಕ್ಕ ನಾಲ್ಕಕ್ಕೇರಿತು.

ಆಮೇಲೆ?
ತಿಂದೆವು, ಎಂದ. ಅಕ್ಕನ ಮಕ್ಕಳು ಮೂಳೆಯನ್ನೂ ಬಿಡಲಿಲ್ಲ.

ದುರ್ಬೀನು ನನ್ನ ಕೈಗಿಟ್ಟ.
ಕಣಿವೆಯಾಚೆ ಯಾರದೋ ದೀಪ ಹೊರಳಿತು.
ಗಾಡಿ ಹತ್ತು, ಎಂದ,
ಹೆಡ್‌ಲೈಟು ಬೇಡ.